ಗಾಯಗೊಂಡ ಮಗುವಿಗೆ ಆಟದ ಚಿಕಿತ್ಸೆ



ನಮ್ಮ ಮನೆಗಳಲ್ಲಿ ಒಂದು ಮಗುವಿನ ಕೈ ಸುಡುವುದಕ್ಕೆ ದೊಡ್ಡ ಅವಘಡವೇನೂ ಬೇಕಾಗಿಲ್ಲ. ಒಲೆಯಿಂದ ಇಳಿಸಿ ನೆಲದ ಮೇಲಿಟ್ಟ ಸಾರಿನ ಪಾತ್ರೆ, ಸ್ನಾನಕ್ಕೆಂದು ಕಾಯಿಸಿದ ಹಂಡೆಯ ನೀರು, ಇನ್ನೂ ಆರದ ದೋಸೆ ಕಾವಲಿ, ದೀಪಾವಳಿಯ ಹೂಕುಂಡ – ಇವುಗಳಲ್ಲಿ ಯಾವುದಾದರೊಂದು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸ್ವರೂಪದ ಸುಟ್ಟಗಾಯಗಳಿಗೆ ಒಳಗಾಗುತ್ತಾರೆ. ಅವರಲ್ಲಿ ಮಕ್ಕಳ ಪಾಲು ಚಿಕ್ಕದಲ್ಲ. ಗಾಯ ಮಾಯುವವರೆಗಿನ ಕಥೆ ಸುಮಾರಾಗಿ ಎಲ್ಲರಿಗೂ ಗೊತ್ತಿರುವುದೇ: ಆಸ್ಪತ್ರೆ, ಡ್ರೆಸ್ಸಿಂಗ್, ಚುಚ್ಚುಮದ್ದು, ನಿದ್ದೆಯಿಲ್ಲದ ರಾತ್ರಿಗಳು. ನಾನು ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಅದರ ಮುಂದಿನ ಕಥೆಯನ್ನು. "ಸದ್ಯ, ಗಾಯ ಮಾಯಿತು" ಎಂದು ಮನೆಯವರು ನಿಟ್ಟುಸಿರು ಬಿಟ್ಟ ಮೇಲೆ, ಆ ಕೈ ಪೆನ್ಸಿಲು ಹಿಡಿಯುವ, ಲಂಗದ ಲಾಡಿ ಕಟ್ಟುವ, ಚೆಂಡು ಹಿಡಿಯುವ ಕೈಯಾಗಿ ಉಳಿಯುತ್ತದೆಯೋ ಇಲ್ಲವೋ ಎನ್ನುವುದು ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ಆಟಕ್ಕೆ ದೊಡ್ಡ ಪಾತ್ರವಿದೆ. ಆಟ ಇಲ್ಲಿ ಕಹಿ ಗುಳಿಗೆಗೆ ಸವರಿದ ಬೆಲ್ಲವಲ್ಲ; ಗುಳಿಗೆಯೇ ಆಟ. ಇದು ಹೇಗೆ ಎಂಬುದನ್ನು ನೋಡೋಣ.

ಮೊದಲು ಸ್ವಲ್ಪ ಜೀವಶಾಸ್ತ್ರ. ಚರ್ಮ ಮೇಲುಮೇಲೆ ಸುಟ್ಟರೆ ಅದು ತನ್ನಷ್ಟಕ್ಕೆ ತಾನೇ ಮೊದಲಿನಂತಾಗುತ್ತದೆ. ಆಳವಾಗಿ ಸುಟ್ಟಾಗ ಹಾಗಾಗದು. ದೇಹ ಆ ಜಾಗವನ್ನು ನಾರಿನಂಥ ಹೊಸ ಅಂಗಾಂಶದಿಂದ ತುಂಬುತ್ತದೆ. ಈ ಅಂಗಾಂಶದಲ್ಲಿ ವಿಶೇಷ ಬಗೆಯ ಜೀವಕೋಶಗಳಿರುತ್ತವೆ. 1971ರಲ್ಲಿ ಗಬ್ಬಿಯಾನಿ ಮತ್ತು ಅವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ಇವುಗಳನ್ನು ವರ್ಣಿಸಿದರು. ಮೈಯೋಫೈಬ್ರೋಬ್ಲಾಸ್ಟ್ ಎಂಬುದು ಅವುಗಳ ಹೆಸರು. ಅರ್ಧ ನಾರಿನ ಕೋಶ, ಅರ್ಧ ಸ್ನಾಯುವಿನ ಕೋಶ ಎಂದು ತಿಳಿದರೆ ಸಾಕು. ಸ್ನಾಯುವಿನಲ್ಲಿರುವಂತೆ ಇವುಗಳಲ್ಲಿಯೂ ಆಕ್ಟಿನ್ ಎಂಬ ಸಸಾರಜನಕದ ಎಳೆಗಳಿರುವುದರಿಂದ ಇವು ಸಂಕುಚಿಸಬಲ್ಲವು. ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆದು ಮುಚ್ಚುವುದು ಇವುಗಳ ಕೆಲಸ. ಕೆಲಸವೇನೋ ಉಪಕಾರದ್ದೇ. ಆದರೆ ಆಳವಾದ ಸುಟ್ಟಗಾಯಗಳಲ್ಲಿ ಗಾಯ ಮುಚ್ಚಿದ ಮೇಲೂ ಈ ಎಳೆತ ನಿಲ್ಲುವುದಿಲ್ಲ. ಕಲೆ ಪೂರ್ತಿ ಹಣ್ಣಾಗಿ ಮೆತ್ತಗಾಗಲು ಒಂದು ವರ್ಷವೋ ಎರಡು ವರ್ಷವೋ ಹಿಡಿಯುತ್ತದೆ. ಅಷ್ಟು ಕಾಲವೂ ಅದು ಸದ್ದಿಲ್ಲದೆ ಬಿಗಿಯುತ್ತಿರುತ್ತದೆ. ಅಂಗೈ ಸುಟ್ಟಿದ್ದರೆ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಕಂಕುಳು ಸುಟ್ಟಿದ್ದರೆ ತೋಳು ಪಕ್ಕೆಗೆ ಹೊಲಿದಂತಾಗುತ್ತದೆ. ಕುತ್ತಿಗೆಯ ಮುಂಭಾಗ ಸುಟ್ಟಿದ್ದರೆ ಗದ್ದ ಎದೆಯತ್ತ ಬಾಗುತ್ತದೆ. ವೈದ್ಯರು ಇದಕ್ಕೆ ಕಾಂಟ್ರಾಕ್ಚರ್ ಎನ್ನುತ್ತಾರೆ. ನಾವು ಬಿಗಿತ ಎನ್ನೋಣ.

ಇದರಲ್ಲಿ ಒಂದು ವಿಚಿತ್ರವಿದೆ. ಗಾಯಗೊಂಡ ಅಂಗವನ್ನು ಯಾವ ಭಂಗಿಯಲ್ಲಿಟ್ಟರೆ ಮಗುವಿಗೆ ಹಿತವೆನಿಸುತ್ತದೋ ಸಾಮಾನ್ಯವಾಗಿ ಅದೇ ಭಂಗಿ ಬಿಗಿತಕ್ಕೂ ಅನುಕೂಲ. ಅಂಗೈ ಸುಟ್ಟ ಮಗು ಮುಷ್ಟಿ ಕಟ್ಟಿ ಕೈಯನ್ನು ಎದೆಗೆ ಒತ್ತಿಕೊಂಡು ಕೂರುತ್ತದೆ. ನೋಯುವುದಿಲ್ಲವಲ್ಲ ಎಂದು ತಾಯಿಯೂ ಸುಮ್ಮನಾಗುತ್ತಾಳೆ. ದಿನಗಳು ಕಳೆದಂತೆ ಆ ಮುಷ್ಟಿ ಬಿಡಿಸಲಾರದ ಮುಷ್ಟಿಯಾಗುತ್ತದೆ. ಇನ್ನೂ ಒಂದು ಮಾತು. ದೊಡ್ಡವರ ಮೂಳೆ ಬೆಳೆದು ನಿಂತಿರುತ್ತದೆ. ಮಗುವಿನ ಮೂಳೆ ವರ್ಷವರ್ಷ ಉದ್ದವಾಗುತ್ತದೆ. ಕಲೆ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹೀಗಾಗಿ ನಾಲ್ಕನೆಯ ವಯಸ್ಸಿನಲ್ಲಿ ಸರಿಯಾಗಿದ್ದ ಬೆರಳು ಎಂಟನೆಯ ವಯಸ್ಸಿನಲ್ಲಿ ಮತ್ತೆ ಬಾಗಬಹುದು.

ಇದಕ್ಕೆ ಪರಿಹಾರವಿಲ್ಲದಿಲ್ಲ. ರಾತ್ರಿ ಹೊತ್ತು ಬೆರಳುಗಳನ್ನು ಚಾಚಿ ಹಿಡಿಯುವ ಸ್ಪ್ಲಿಂಟ್, ಕಲೆಯ ಮೇಲೆ ಒತ್ತಡವಿರಿಸುವ ಬಿಗಿಯಾದ ಕೈಚೀಲ, ಎಣ್ಣೆ ಸವರುವುದು, ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೆ ಹಲವು ಬಾರಿ ಕೈಯನ್ನು ಪೂರ್ತಿ ಬಿಡಿಸಿ ಮಡಚುವ ವ್ಯಾಯಾಮ. ವ್ಯಾಯಾಮ ನೋಯುತ್ತದೆ. ದೊಡ್ಡವರಾದರೆ ಹಲ್ಲು ಕಚ್ಚಿ ಸಹಿಸುತ್ತಾರೆ. ಆರು ತಿಂಗಳ ಮುಂದಿನ ಕೈಯನ್ನು ಅವರು ಕಲ್ಪಿಸಿಕೊಳ್ಳಬಲ್ಲರು, ಆ ಕೈಯಿಂದ ದುಡಿದು ತಿನ್ನಬೇಕೆಂಬ ಅರಿವೂ ಅವರಿಗಿದೆ. ನಾಲ್ಕು ವರ್ಷದ ಮಗುವಿಗೆ ಆರು ತಿಂಗಳು ಎಂದರೇನು? ಅದಕ್ಕೆ ಗೊತ್ತಿರುವುದು ಈ ಕ್ಷಣ. ಈ ಕ್ಷಣದಲ್ಲಿ ಬಿಳಿ ಕೋಟಿನವರೊಬ್ಬರು ಬಂದು ನೋಯಿಸುತ್ತಿದ್ದಾರೆ. ಅದು ಕೈ ಕೊಡುವುದಿಲ್ಲ. ಬಲವಂತ ಮಾಡಿದರೆ ಕಿರುಚುತ್ತದೆ, ಇಡೀ ತೋಳನ್ನು ಸೆಟೆಸುತ್ತದೆ. ಸೆಟೆದ ಕೈಗೆ ವ್ಯಾಯಾಮ ಮಾಡಿಸಿ ಪ್ರಯೋಜನವಿಲ್ಲ.

ಆದ್ದರಿಂದ ಮಗುವಿಗೆ ಈ ಕ್ಷಣದಲ್ಲೇ ಕೈ ಬಿಡಿಸಲು ಒಂದು ಕಾರಣ ಬೇಕು. ಆ ಕಾರಣವನ್ನು ಕೊಡುವುದು ಆಟ. ಈ ಚಿಕಿತ್ಸೆಯನ್ನು ನೀಡುವವರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರು ಎಂಬ ಒಂದು ವರ್ಗವಿದೆ. ಆಕ್ಯುಪೇಷನ್ ಎಂದರೆ ಉದ್ಯೋಗವಲ್ಲವೇ, ಮಕ್ಕಳಿಗೇಕೆ ಉದ್ಯೋಗದ ಚಿಕಿತ್ಸೆ ಎಂದು ಕೇಳುವವರುಂಟು. ಉತ್ತರ ಸರಳ: ಬಡಗಿಗೆ ಮರಗೆಲಸ ಹೇಗೆ ಉದ್ಯೋಗವೋ ಮಗುವಿಗೆ ಆಟ ಹಾಗೆ. ದಿನವೆಲ್ಲ ಅದು ಮಾಡುವುದು ಅದನ್ನೇ.

ಈಗ ನಮ್ಮ ಅಳಗುಳಿ ಮಣೆಯನ್ನು ಒಮ್ಮೆ ಚಿಕಿತ್ಸಕರ ಕಣ್ಣಿನಿಂದ ನೋಡಿ. ಕರಾವಳಿಯವರು ಇದನ್ನು ಚೆನ್ನೆಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಗುಳಿಗೆ ನಾಲ್ಕು ಬೀಜವೆಂದರೂ 56 ಬೀಜ. ಆಟಗಾರ ಒಂದು ಗುಳಿಯ ಬೀಜಗಳನ್ನೆಲ್ಲ ಬಾಚಿ ಅಂಗೈಗೆ ತೆಗೆದುಕೊಳ್ಳಬೇಕು. ಇಲ್ಲಿ ಬೆರಳುಗಳೆಲ್ಲ ಕೂಡಿ ಮಡಚಬೇಕು. ಆಮೇಲೆ ಉಳಿದವು ಬೀಳದಂತೆ ಹಿಡಿದುಕೊಂಡೇ ಒಂದೊಂದು ಬೀಜವನ್ನು ಅಂಗೈಯಿಂದ ಬೆರಳ ತುದಿಗೆ ಜಾರಿಸಿ ತಂದು ಮುಂದಿನ ಗುಳಿಗೆ ಬಿಡಬೇಕು. ಕಿರುಬೆರಳು ಉಂಗುರ ಬೆರಳುಗಳು ಹಿಡಿದಿಡುವ ಕೆಲಸ ಮಾಡುತ್ತಿದ್ದರೆ ಹೆಬ್ಬೆರಳು ತೋರುಬೆರಳುಗಳು ಬಿಡುವ ಕೆಲಸ ಮಾಡುತ್ತವೆ. ಒಂದೇ ಕೈಯ ಎರಡು ಭಾಗಗಳು ಎರಡು ಬೇರೆ ಕೆಲಸ ಮಾಡುವ ಈ ಕೌಶಲವೇ ಮುಂದೆ ಪೆನ್ನು ಹಿಡಿಯುವುದಕ್ಕೂ ಗುಂಡಿ ಹಾಕುವುದಕ್ಕೂ ಬೇಕಾದ್ದು. ಇದನ್ನೇ ವ್ಯಾಯಾಮವೆಂದು ಹೇಳಿ "ಐವತ್ತು ಸಲ ಮಾಡು" ಎಂದರೆ ಯಾವ ಮಗು ಮಾಡೀತು? ಆಟವೆಂದರೆ ಐವತ್ತಲ್ಲ, ನೂರೈವತ್ತು ಸಲ ಮಾಡುತ್ತದೆ. ಸೋತರೆ ಇನ್ನೊಂದಾಟ ಎನ್ನುತ್ತದೆ.

ಇಷ್ಟೇ ಅಲ್ಲ; ಈ ಆಟದಲ್ಲಿ ಔಷಧದ ಪ್ರಮಾಣವನ್ನೂ ಹೆಚ್ಚು ಕಡಿಮೆ ಮಾಡಬಹುದು. ಮೊದಲ ವಾರ ಹಲಸಿನ ಬೀಜ, ಆಮೇಲೆ ಹುಣಸೆ ಬೀಜ, ಕೈ ಪಳಗಿದ ಮೇಲೆ ಇನ್ನೂ ಚಿಕ್ಕ ಕಾಳು. ಗುಲಗಂಜಿಯನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ನೋಡಲು ಅಂದವಾದ ಆ ಕಾಳು ಅಗಿದರೆ ವಿಷ. ಹಾಗೆಯೇ ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಬೀಜದ ಆಟವೇ ಬೇಡ. ಅಂಥ ಮಗುವಿಗೆ ಚಪಾತಿ ಹಿಟ್ಟಿನ ಮುದ್ದೆ ಕೊಡಿ. ಒತ್ತಲಿ, ಲಟ್ಟಿಸಲಿ, ಅಂಗೈಯನ್ನು ಚಪ್ಪಟೆಯಾಗಿ ಊರಿ ತಟ್ಟಲಿ. ಮುಷ್ಟಿ ಬಿಡಿಸುವುದಕ್ಕೆ ರೊಟ್ಟಿ ತಟ್ಟುವ ಆಟಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಒಂದೊಂದು ಕೀಲಿಗೂ ನಮ್ಮಲ್ಲಿ ಒಂದೊಂದು ಆಟವಿದೆ ಎಂದರೂ ತಪ್ಪಾಗಲಾರದು. ಕಲ್ಲಾಟದಲ್ಲಿ ಕಲ್ಲನ್ನು ಮೇಲಕ್ಕೆಸೆದು ಕೈ ತಿರುಗಿಸಿ ಹಿಂಗೈಯ ಮೇಲೆ ಹಿಡಿಯುತ್ತೀರಲ್ಲ, ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳದೆ ಅದು ಸಾಧ್ಯವಿಲ್ಲ. ಮುಂಗೈ ಮುರಿದು ಪ್ಲಾಸ್ಟರ್ ತೆಗೆದ ಮೇಲೆ ಮಕ್ಕಳಿಗೆ ಕಷ್ಟವಾಗುವ ಚಲನೆ ಇದೇ. ಕಂಕುಳಿನ ಬಿಗಿತವಿರುವ ಮಗುವಿಗೆ ಬಲೂನನ್ನು ನೆಲಕ್ಕೆ ಬೀಳದಂತೆ ಮೇಲಕ್ಕೆ ತಟ್ಟುವ ಆಟ. ಸ್ವಲ್ಪ ದೊಡ್ಡವರಿಗೆ ಗಾಳಿಪಟ. ಎದೆಗೆ ಪೆಟ್ಟಾಗಿ ಅಥವಾ ಬಹಳ ದಿನ ಮಲಗಿದ್ದು ಉಸಿರು ಮೇಲುಮೇಲೆ ಆಡುವ ಮಗುವಿಗೆ ಸಾಬೂನಿನ ಗುಳ್ಳೆ. ಗುಳ್ಳೆ ದೊಡ್ಡದಾಗಬೇಕಾದರೆ ಮೊದಲು ದೀರ್ಘವಾಗಿ ಉಸಿರೆಳೆದುಕೊಂಡು ನಿಧಾನವಾಗಿ ಬಿಡಬೇಕು; ಜೋರಾಗಿ ಊದಿದರೆ ಒಡೆದುಹೋಗುತ್ತದೆ. ಉಸಿರಾಟದ ಪಾಠವನ್ನು ಗುಳ್ಳೆಯೇ ಕಲಿಸುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿನ ಮೂಳೆ ಮುರಿದವರಿಗೆ ಕುಂಟೆಬಿಲ್ಲೆ ಬಹಳ ಒಳ್ಳೆಯ ಆಟ, ಆದರೆ ಕಟ್ಟಕಡೆಯದು. ಒಂಟಿ ಕಾಲಿನ ಮೇಲೆ ನೆಗೆದು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಬಲ ಆ ಕಾಲಿನ ಮೇಲೆ ಬೀಳುತ್ತದೆ. ಮುರಿದ ಮೂಳೆ ಗಟ್ಟಿಯಾಗಿ ಕೂಡಿಕೊಂಡಿದೆ, ಪೂರ್ತಿ ಭಾರ ಹಾಕಬಹುದು ಎಂದು ವೈದ್ಯರು ಹೇಳುವ ತನಕ ಅದನ್ನು ಆಡಿಸುವಂತಿಲ್ಲ.

ಮೊಣಕೈಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪ್ರತಿದಿನ ತಪ್ಪು ನಡೆಯುತ್ತಿರುವ ಜಾಗ ಅದು. ಮರದಿಂದ, ಕಾಂಪೌಂಡ್ ಗೋಡೆಯಿಂದ, ಜಾರುಬಂಡೆಯಿಂದ ಬಿದ್ದ ಮಕ್ಕಳಲ್ಲಿ ಮೊಣಕೈಯ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಪ್ಲಾಸ್ಟರ್ ಬಿಚ್ಚಿದಾಗ ಕೈ ಪೂರ್ತಿ ನೇರವಾಗುವುದಿಲ್ಲ, ಪೂರ್ತಿ ಮಡಚುವುದೂ ಇಲ್ಲ. ಮನೆಯವರಿಗೆ ಗಾಬರಿ. ಎಣ್ಣೆ ಹಾಕಿ ತಿಕ್ಕಿ ಎಳೆಯುವವರ ಬಳಿಗೆ ಕರೆದೊಯ್ಯುತ್ತಾರೆ. ಇಲ್ಲವೇ ನೀರು ತುಂಬಿದ ಬಕೆಟ್ಟನ್ನು ಕೈಗೆ ಕೊಟ್ಟು ನಿಲ್ಲಿಸುತ್ತಾರೆ, ಭಾರಕ್ಕೆ ಕೈ ನೇರವಾಗಲೆಂದು. ಮೊಣಕೈಯಂತೂ ಈ ಬಲವಂತವನ್ನು ಸಹಿಸದ ಕೀಲು. ಜೋರಾಗಿ ತಿಕ್ಕುವುದರಿಂದ, ಎಳೆಯುವುದರಿಂದ ಪೆಟ್ಟು ತಿಂದ ಸ್ನಾಯುವಿನೊಳಗೇ ಮೂಳೆ ಬೆಳೆಯುವುದುಂಟು. ಮಯೋಸೈಟಿಸ್ ಆಸಿಫಿಕಾನ್ಸ್ ಎಂದು ಅದರ ಹೆಸರು. ಹಾಗಾದಾಗ ಸ್ವಲ್ಪ ಬಾಗುತ್ತಿದ್ದ ಕೈ ಬಾಗದೇ ಹೋಗುತ್ತದೆ. ಬೇಕಾದದ್ದು ಮಗು ತಾನಾಗಿಯೇ, ತನ್ನ ಸ್ನಾಯುಗಳ ಬಲದಿಂದ, ನೋವಿನ ಮಿತಿಯೊಳಗೆ ಕೈ ಆಡಿಸುವುದು. ಆಟದಲ್ಲಿ ನಡೆಯುವುದು ಅದೇ ಅಲ್ಲವೇ? ಚೆಂಡು ಎಸೆಯುವಾಗ ಯಾರೂ ಅದರ ಕೈ ಹಿಡಿದು ಎಳೆಯುತ್ತಿಲ್ಲ. ನೋವಾದರೆ ಅದೇ ನಿಲ್ಲಿಸುತ್ತದೆ, ಮರುಕ್ಷಣ ಇನ್ನೊಂದು ಬಗೆಯಲ್ಲಿ ಪ್ರಯತ್ನಿಸುತ್ತದೆ. ಮೂಳೆ ಸರಿಯಾಗಿ ಕೂಡಿಕೊಂಡಿದ್ದರೆ ಹೆಚ್ಚಿನ ಮಕ್ಕಳಲ್ಲಿ ದಿನನಿತ್ಯದ ಆಟಪಾಟದಿಂದಲೇ ಕೆಲವು ತಿಂಗಳಲ್ಲಿ ಮೊಣಕೈ ತನ್ನ ಚಲನೆಯನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ತಾಳ್ಮೆಯಿಲ್ಲದಿರುವುದು ದೊಡ್ಡವರಿಗೆ.

ಇನ್ನು ನೋವಿನ ಪ್ರಶ್ನೆ. ಆಟವಾಡುವಾಗ ಮಗುವಿಗೆ ನೋವು ಮರೆಯುತ್ತದೆ ಎಂದು ಅಜ್ಜಿಯಂದಿರೂ ಹೇಳುತ್ತಾರೆ. ಇದಕ್ಕೆ ವೈಜ್ಞಾನಿಕ ವಿವರಣೆ ದೊರೆಯತೊಡಗಿದ್ದು 1965ರ ನಂತರ. ಆ ವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ನೋವಿನ ಸಂಕೇತಗಳು ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲನ್ನು ದಾಟಿ ಮಿದುಳಿಗೆ ಹೋಗುತ್ತವೆಂದೂ, ಆ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದರಲ್ಲಿ ಮಿದುಳಿನ ಮಾತೂ ನಡೆಯುತ್ತದೆಂದೂ ಪ್ರತಿಪಾದಿಸಿದರು. ಅಂದರೆ ಎಷ್ಟು ಸುಟ್ಟಿದೆಯೋ ಅಷ್ಟೇ ನೋವು ಎಂಬ ಲೆಕ್ಕ ಸರಿಯಲ್ಲ. ಭಯವಿದ್ದರೆ ನೋವು ಹೆಚ್ಚು. ಗಮನ ಬೇರೆಡೆ ಇದ್ದರೆ ಕಡಿಮೆ. ಅವರ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಗೊಂಡವು, ತಿರುಳು ಉಳಿದುಕೊಂಡಿತು.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಈ ತಿರುಳನ್ನೇ ಹಿಡಿದು 1990ರ ದಶಕದಲ್ಲಿ ಒಂದು ಕೆಲಸ ಆರಂಭಿಸಿದರು. ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗಿನ ನೋವು ಮಾರ್ಫಿನ್ ಜಾತಿಯ ಔಷಧಗಳಿಗೂ ಪೂರ್ತಿ ಬಗ್ಗುವುದಿಲ್ಲ. ಅವರು ರೋಗಿಯ ಕಣ್ಣಿಗೆ ಗಣಕಯಂತ್ರದ ಚಿತ್ರ ತೋರಿಸುವ ಶಿರಸ್ತ್ರಾಣ ತೊಡಿಸಿದರು. ಒಳಗೆ ಕಾಣುವುದು ಮಂಜುಗಡ್ಡೆಯ ಕಣಿವೆ. ರೋಗಿ ಅದರಲ್ಲಿ ತೇಲುತ್ತಾ ಹಿಮಮಾನವರ ಮೇಲೆ, ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆಗಳನ್ನು ಎಸೆಯುತ್ತಾನೆ. ಬೆಂಕಿಯಿಂದ ಸುಟ್ಟವರಿಗೆ ಹಿಮದ ಲೋಕ! ಸ್ನೋವರ್ಲ್ಡ್ ಎಂದೇ ಆ ಆಟದ ಹೆಸರು. 2000ದಲ್ಲಿ ಅವರು ಇಬ್ಬರು ಹದಿಹರೆಯದ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಸಾಮಾನ್ಯ ವಿಡಿಯೋ ಗೇಮ್ ಆಡಿದಾಗಿನದಕ್ಕಿಂತ ಶಿರಸ್ತ್ರಾಣದೊಳಗಿನ ಗಣಕಯಂತ್ರದ ಲೋಕದಲ್ಲಿದ್ದಾಗ ನೋವು ಬಹಳ ಕಡಿಮೆಯೆನಿಸಿತ್ತು. 2011ರಲ್ಲಿ ಅದೇ ತಂಡ 6ರಿಂದ 19 ವರ್ಷದೊಳಗಿನ 54 ರೋಗಿಗಳಿಗೆ ವ್ಯಾಯಾಮ ಮಾಡಿಸುವಾಗ ಇದನ್ನು ಪರೀಕ್ಷಿಸಿ ನೋವಿನ ಅಂಕಗಳು ಶೇಕಡ 27ರಿಂದ 44ರವರೆಗೆ ಇಳಿದವೆಂದು ವರದಿ ಮಾಡಿತು. ಮೊದಲ ದಿನದ ಹೊಸತನ ಕಳೆದ ಮೇಲೂ ಪರಿಣಾಮ ಉಳಿದಿತ್ತು ಎನ್ನುವುದು ಗಮನಿಸಬೇಕಾದ ಅಂಶ. ಇದು ಔಷಧಕ್ಕೆ ಬದಲಿಯಲ್ಲ, ಔಷಧದ ಜೊತೆಗೆ ಎಂಬುದನ್ನೂ ಮರೆಯಬಾರದು.

ಯಂತ್ರ ಬೇಕೇ ಬೇಕೆಂದಲ್ಲ. ಒಂದು ಆಸ್ಪತ್ರೆಯಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ನಾನು ನೋಡಿದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಇದ್ದದ್ದು ಒಂದು ಬಕೆಟ್ ಉಗುರುಬೆಚ್ಚಗಿನ ನೀರು, ಹತ್ತು ಹದಿನೈದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಗಳು. ಮುಚ್ಚಳಗಳೆಲ್ಲ ಮೀನು. ಹುಡುಗಿಯೊಬ್ಬಳು ಮೀನು ಹಿಡಿಯುತ್ತಿದ್ದಳು, ಅವರು ಕೊಳ್ಳುವ ಗಿರಾಕಿ. "ಏನಮ್ಮಾ, ಆ ದೊಡ್ಡ ಮೀನು ಎಷ್ಟಕ್ಕೆ ಕೊಡ್ತೀಯ?" "ನೂರು ರೂಪಾಯಿ!" "ಅಯ್ಯೋ, ದುಬಾರಿಯಾಯ್ತು, ಕೈ ಪೂರ್ತಿ ಚಾಚಿ ತೋರಿಸು, ಎಷ್ಟು ದೊಡ್ಡದಿದೆ ನೋಡ್ತೀನಿ." ಚೌಕಾಸಿ ನಡೆದಷ್ಟು ಹೊತ್ತೂ ಆ ಕೈ ನೀರಿನಲ್ಲಿ ಬಿಚ್ಚಿಕೊಳ್ಳುತ್ತ ಮುಚ್ಚಿಕೊಳ್ಳುತ್ತ ಇತ್ತು. ನಮ್ಮ ಕ್ಯಾಮೆರಾದವರು ಹತ್ತಿರ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಮನಸ್ಸಿಗೂ ಗಾಯವಾಗುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡದ್ದು ತಡವಾಗಿ. ಒಪ್ಪಿಸುವುದರಲ್ಲಿ ಒಂದು ಚಲನಚಿತ್ರದ ಪಾಲಿದೆ. ದೃಶ್ಯ ಮಾಧ್ಯಮದಲ್ಲಿ ದುಡಿಯುವವನಾದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ 'ಎ ಟು ಇಯರ್ ಓಲ್ಡ್ ಗೋಸ್ ಟು ಹಾಸ್ಪಿಟಲ್' ಎಂಬ ಚಿತ್ರ ತಯಾರಿಸಿದರು. ಚಿಕ್ಕ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಪುಟ್ಟ ಹುಡುಗಿಯ ಕಥೆ ಅದು. ಆಗಿನ ಕಾಲದಲ್ಲಿ ತಂದೆತಾಯಿ ವಾರ್ಡಿಗೆ ಬರಲು ಬಹಳ ನಿರ್ಬಂಧವಿತ್ತು. ತನಗೆ ಬೇಕಾದ ಅಳುವಿನ ದೃಶ್ಯಗಳನ್ನಷ್ಟೇ ಆರಿಸಿಕೊಂಡನೆಂಬ ಆಪಾದನೆ ಬರಬಾರದೆಂದು ರಾಬರ್ಟ್‌ಸನ್ ಪ್ರತಿದಿನ ನಿಗದಿಯಾದ ಹೊತ್ತಿನಲ್ಲೇ ಚಿತ್ರೀಕರಿಸಿದರು. ಗೋಡೆಯ ಗಡಿಯಾರವೂ ಚೌಕಟ್ಟಿನಲ್ಲಿ ಕಾಣುವಂತೆ ನೋಡಿಕೊಂಡರು. ಹುಡುಗಿ ಹೆಚ್ಚು ಅಳುವುದಿಲ್ಲ. ದಿನದಿನಕ್ಕೆ ಮಂಕಾಗುತ್ತಾಳೆ, ಅಷ್ಟೇ. "ಎಷ್ಟು ಜಾಣೆ, ಗಲಾಟೆಯೇ ಇಲ್ಲ" ಎಂದು ಹೊಗಳುತ್ತೇವಲ್ಲ, ಆ ಮೌನದ ಅರ್ಥವೇನೆಂದು ಚಿತ್ರ ತೋರಿಸಿತು. ವೈದ್ಯರಲ್ಲಿ ಹಲವರು ಸಿಟ್ಟಾದರು. ಆದರೆ 1959ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಪ್ಲಾಟ್ ವರದಿ, ತಂದೆತಾಯಿಗೆ ಮುಕ್ತ ಪ್ರವೇಶವಿರಬೇಕೆಂದು ಶಿಫಾರಸು ಮಾಡಿತು.

ಅದೇ ವೇಳೆಗೆ, 1955ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಡಾ. ಫ್ರೆಡರಿಕ್ ರಾಬಿನ್ಸ್ ಅವರು ಎಮ್ಮಾ ಪ್ಲಾಂಕ್ ಎಂಬ ಶಿಕ್ಷಕಿಯನ್ನು ಮಕ್ಕಳ ವಾರ್ಡಿಗೆ ಆಹ್ವಾನಿಸಿದರು. ಈ ರಾಬಿನ್ಸ್ ಪೋಲಿಯೋ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ 1954ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಒಬ್ಬರು. ಅಂಥ ವಿಜ್ಞಾನಿ, ನನ್ನ ವಾರ್ಡಿಗೆ ಆಟದ ಟೀಚರೊಬ್ಬರು ಬೇಕು ಎಂದದ್ದು ನನಗೆ ಇಷ್ಟವಾದ ಸಂಗತಿ. ಪ್ಲಾಂಕ್ ವಿಯೆನ್ನಾದಲ್ಲಿ ಮಾಂಟೆಸೊರಿ ಪದ್ಧತಿಯಲ್ಲಿ ತರಬೇತಾದವರು. ಇಂಥ ಕ್ರಮವೊಂದು ಇಂದು ಎಷ್ಟೋ ಆಸ್ಪತ್ರೆಗಳಲ್ಲಿದೆ: ಮಗುವಿಗೆ ಆಗಲಿರುವುದನ್ನು ಮೊದಲು ಗೊಂಬೆಗೆ ಮಾಡಿಸುವುದು. ಗೊಂಬೆಯ ಕೈಗೆ ಮಗುವೇ ಬ್ಯಾಂಡೇಜು ಸುತ್ತುತ್ತದೆ, ಸೂಜಿಯಿಲ್ಲದ ಸಿರಿಂಜಿನಿಂದ ಇಂಜೆಕ್ಷನ್ ಕೊಡುತ್ತದೆ, "ಸುಮ್ಮನಿರು, ಆಯ್ತು ಆಯ್ತು" ಎಂದು ಗದರುತ್ತದೆ. ಮಾಡಿಸಿಕೊಳ್ಳುವವರ ಜಾಗದಿಂದ ಮಾಡುವವರ ಜಾಗಕ್ಕೆ ಒಂದು ಗಳಿಗೆ ಬರುವುದು ಚಿಕ್ಕ ವಿಷಯವಲ್ಲ. ನಮ್ಮಲ್ಲಿ ಬಟ್ಟೆಯ ಗೊಂಬೆಗೇನೂ ಬರಗಾಲವಿಲ್ಲ.

ತಲೆಗೆ ಪೆಟ್ಟಾಗಿ ಒಂದು ಬದಿಯ ಕೈ ದುರ್ಬಲವಾದ ಮಕ್ಕಳ ಸಮಸ್ಯೆಯೇ ಬೇರೆ. ಇಲ್ಲಿ ಕೈಯಲ್ಲಿ ದೋಷವಿಲ್ಲ, ಅದನ್ನು ಆಳುವ ಮಿದುಳಿನ ಭಾಗದಲ್ಲಿದೆ. ಅಮೆರಿಕದ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಕಂಡುಕೊಂಡದ್ದು ಇಷ್ಟು: ಕೆಲಸಕ್ಕೆ ಬಾರದ ಕೈಯನ್ನು ಬಳಸಿ ಬಳಸಿ ಸೋತ ಪ್ರಾಣಿ, ಮುಂದೆ ಆ ಕೈಗೆ ಶಕ್ತಿ ಮರಳಿದರೂ ಅದನ್ನು ಬಳಸುವುದೇ ಇಲ್ಲ. ಬಳಸದಿರುವುದನ್ನು ಅದು ಕಲಿತುಬಿಟ್ಟಿರುತ್ತದೆ. ಪರಿಹಾರವಾಗಿ ಒಳ್ಳೆಯ ಕೈಗೆ ಸ್ವಲ್ಪ ಕಾಲ ಕಟ್ಟು ಹಾಕಿ, ದುರ್ಬಲ ಕೈಯಿಂದಲೇ ಗಂಟೆಗಟ್ಟಲೆ ಆಡಿಸುತ್ತಾರೆ. ಲಂಡನ್ನಿನಲ್ಲಿ ಹುಟ್ಟಿನಿಂದಲೇ ಇಂಥ ತೊಂದರೆಯಿರುವ ಮಕ್ಕಳಿಗೆ ಜಾದೂ ಕಲಿಸುವ ಶಿಬಿರಗಳು ನಡೆದಿವೆ. ನಾಣ್ಯ ಮಾಯಮಾಡಲು, ಹಗ್ಗದ ಗಂಟು ಬಿಡಿಸಲು ಎರಡೂ ಕೈ ಬೇಕಲ್ಲ! ಪಕ್ಕದ ಮಕ್ಕಳಿಗೆ ಬಾರದ ವಿದ್ಯೆ ತನಗೆ ಬರುತ್ತದೆ ಎಂಬ ಹೆಮ್ಮೆ ಬೇರೆ.

ಆದರೆ ಯಾವ ಆಟವಾದರೂ ಆಗುತ್ತದೆ ಎಂದುಕೊಳ್ಳಬಾರದು. 2006ರಲ್ಲಿ ಕೈಬೀಸಿ ಆಡುವ ನಿಂಟೆಂಡೋ ವೀ ಬಂದಾಗ ಚಿಕಿತ್ಸಾಲಯಗಳು ಉತ್ಸಾಹದಿಂದ ಅದನ್ನು ಕೊಂಡವು. ಅಂಗಡಿಯ ಆಟಗಳು ಆರೋಗ್ಯವಂತ ಮಕ್ಕಳಿಗೆಂದು ಮಾಡಿದವು. ನಿಧಾನವಾಗಿ ಚಲಿಸುವ ಮಗು ಅವುಗಳಲ್ಲಿ ಪ್ರತಿ ಸಲವೂ ಸೋಲುತ್ತದೆ, ಇಲ್ಲವೇ ತೋಳು ಎತ್ತಬೇಕಾದಲ್ಲಿ ಮೈ ವಾಲಿಸಿ ಗೆದ್ದುಬಿಡುತ್ತದೆ. ಅದು ಹೀಗೆ ಮೋಸ ಮಾಡದಂತೆ ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು. ಆಟ ಕಷ್ಟವಿರಬೇಕು, ಗೆಲ್ಲಲಾರದಷ್ಟು ಕಷ್ಟವಿರಬಾರದು. ಚರ್ಮ ಕಸಿ ಮಾಡಿದ ಮೊದಲ ದಿನಗಳಲ್ಲಿ ಆ ಜಾಗ ಅಲುಗಾಡಬಾರದು. ಆಗ ಕಥೆ ಹೇಳುವ ಆಟವೇ ಸರಿ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅದೇ ದಿನ ಮತ್ತೆ ಮೈದಾನಕ್ಕೆ ಇಳಿಸಲೇಬಾರದು. ವೈದ್ಯರ ಮಾತಿನಂತೆ ಹಂತಹಂತವಾಗಿ ಮರಳಬೇಕು.

ನಮ್ಮ ದೇಶದಲ್ಲಿ ತರಬೇತಾದ ಚಿಕಿತ್ಸಕರು ಬೇಕಾದಷ್ಟಿಲ್ಲ, ಇರುವವರು ಹೆಚ್ಚಾಗಿ ದೊಡ್ಡ ಊರುಗಳಲ್ಲಿದ್ದಾರೆ. 2021ರಲ್ಲಿ ಸಂಸತ್ತು ಇಂಥ ವೃತ್ತಿಗಳಿಗಾಗಿ ಪ್ರತ್ಯೇಕ ರಾಷ್ಟ್ರೀಯ ಆಯೋಗವನ್ನು ಸ್ಥಾಪಿಸುವ ಕಾಯ್ದೆ ಮಾಡಿದೆ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದುತ್ತಿರುವವರು, ವೈದ್ಯಕೀಯ ಸೀಟು ಸಿಗದಿದ್ದರೆ ಮುಂದೇನು ಎಂದು ಚಿಂತಿಸುವ ಬದಲು, ಮೊದಲೇ ಈ ಕಡೆಗೊಮ್ಮೆ ನೋಡಬಹುದು. ಅದಿರಲಿ. ಹಳ್ಳಿಗೆ ಮರಳಿದ ಮಗುವಿಗೆ ಚಿಕಿತ್ಸಕಿ ಅದರ ತಾಯಿಯೇ. ಆಕೆಯ ಮನಸ್ಸೋ ಅಪರಾಧಿ ಭಾವದಿಂದ ಕುದಿಯುತ್ತಿರುತ್ತದೆ: ನಾನು ಆ ಪಾತ್ರೆಯನ್ನು ಅಲ್ಲಿ ಇಡಬಾರದಿತ್ತು. ಹಾಗಾಗಿ ಮಗುವನ್ನು ಕೆಳಗಿಳಿಸುವುದಿಲ್ಲ, ತುತ್ತು ಮಾಡಿ ಉಣ್ಣಿಸುತ್ತಾಳೆ, "ಆಡಬೇಡ, ಸುಮ್ಮನೆ ಕೂತುಕೋ ನನ್ನಪ್ಪಾ" ಎನ್ನುತ್ತಾಳೆ. ಪ್ರೀತಿಯೇ ಇಲ್ಲಿ ಬಿಗಿತಕ್ಕೆ ನೆರವಾಗುತ್ತದೆ. ಹೆಣ್ಣುಮಗುವಾದರೆ ಇನ್ನೊಂದು ತೊಡಕು. ಕಲೆ ಕಂಡರೆ ನಾಲ್ಕು ಜನ ಏನೆಂದಾರು ಎಂದು ಅವಳನ್ನು ಹೊರಗೇ ಬಿಡುವುದಿಲ್ಲ. ಹುಡುಗ ಒಂದು ತಿಂಗಳಿಗೆ ಓಣಿಗೆ ಓಡಿದರೆ ಹುಡುಗಿ ಒಂದು ವರ್ಷವಾದರೂ ಹೊಸ್ತಿಲ ಒಳಗೇ ಇರುತ್ತಾಳೆ. ಆ ಒಂದು ವರ್ಷವೇ ಕಲೆ ಬಿಗಿಯುವ ವರ್ಷ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕೆಂದು ಸಾರಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅವಳ ಮಟ್ಟಿಗೆ ಆ ಹಕ್ಕು ಐದು ಬೆರಳುಗಳ ಪ್ರಶ್ನೆ.

ಇಂಥ ಮಗು ಶಾಲೆಗೆ ಮರಳಿದಾಗ ನಿಮ್ಮ ಕೆಲಸ ಶುರುವಾಗುತ್ತದೆ. ಒಂದೆರಡು ಸಂಗತಿ ತಿಳಿದಿರಲಿ. ಸುಟ್ಟಗಾಯದ ಕಲೆ ಅಂಟುರೋಗವಲ್ಲ. ಕೈ ಹಿಡಿದರೆ ಏನೂ ಆಗದು. ಕಲೆ ತುಂಬಾ ನವೆಯಾಗುತ್ತದೆ, ಅದರಲ್ಲೂ ಬೇಸಿಗೆಯಲ್ಲಿ. ಆಳವಾಗಿ ಸುಟ್ಟ ಚರ್ಮ ಬೆವರುವುದಿಲ್ಲವಾದ್ದರಿಂದ ಬಿಸಿಲಲ್ಲಿ ಬೇಗ ದಣಿವಾಗುತ್ತದೆ. ನೆರಳಿರುವ ಜಾಗದಲ್ಲಿ ಆಟ ಇಟ್ಟುಕೊಳ್ಳಿ. ಬಿಗಿಯಾದ ಕೈಚೀಲವನ್ನು ಆಟದ ಹೊತ್ತಿನಲ್ಲಿ ಬಿಚ್ಚು ಎಂದು ಒತ್ತಾಯಿಸಬೇಡಿ, ಅದನ್ನು ದಿನದ ಬಹುಭಾಗ ತೊಟ್ಟಿರಲೇಬೇಕು. ಮತ್ತೆ, ದಯವಿಟ್ಟು ಅವನನ್ನು ಅಥವಾ ಅವಳನ್ನು ಸ್ಕೋರು ಬರೆಯಲು ಕೂರಿಸಬೇಡಿ. ಲಗೋರಿಯಲ್ಲಿ ಅವರ ಸರದಿಗೆ ಏಳು ಕಲ್ಲಿನ ಬದಲು ನಾಲ್ಕು ಇಡಿ, ಗೆರೆಯನ್ನು ಎರಡು ಹೆಜ್ಜೆ ಹತ್ತಿರಕ್ಕೆ ಎಳೆಯಿರಿ. ಕ್ರಿಕೆಟ್ಟಾದರೆ ಬ್ಯಾಟ್ ಅವರು ಬೀಸಲಿ, ಓಡುವುದಕ್ಕೆ ಇನ್ನೊಬ್ಬರು ನಿಲ್ಲಲಿ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2011ರಿಂದ ರನ್ನರ್‌ಗೆ ಅವಕಾಶವಿಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕಾನೂನು ತೆಗೆದಾರು. ನಮ್ಮ ಓಣಿಗೆ ಆ ಕಾನೂನು ಇನ್ನೂ ಬಂದಿಲ್ಲ.